ಖಾರ ಮಂಡಕ್ಕಿಯ ಗಂಟು

೧೯೬೧ನೇ ಇಸವಿ, ದಸರಾ ರಜೆಯ ಒಂದು ಗುರುವಾರ, ಮಧ್ಯಾಹ್ನ ಮೂರು ಗಂಟೆ. ಸ್ಥಳ, ಹೆತ್ತೂರಿನಾಚೆಯ ಒಂದು ಎಸ್ಟೇಟಿನ ಮೀನುಮನೆ. ಹಾಜರಿದ್ದವರು ಆರು ಜನ — ನನ್ನ ತಂದೆ, ಅವರ ತಂಗಿ ಸಾಕಮ್ಮ, ನನ್ನ ತಮ್ಮ ರಾಜು, ಎಸ್ಟೇಟಿನ ಸಾಹುಕಾರರು, ಮೀನು ನೋಡಿಕೊಳ್ಳುತ್ತಿದ್ದ ಹೈದರ್ ಸಾಬರು, ಮತ್ತು ಹನ್ನೊಂದು ವರ್ಷದ ನಾನು. ಅಷ್ಟು ಜನರ ಎದುರಿಗೆ, ನಾನು ಮಾಡಿದ ತಪ್ಪನ್ನು ಸಾಕತ್ತೆಯ ತಲೆಗೆ ಕಟ್ಟಿದೆ. ಮೀನಿನ ತೊಟ್ಟಿಗೆ ಖಾರ ಮಂಡಕ್ಕಿ ಸುರಿದವಳು ಅವಳಲ್ಲ. ನಾನು.

ಇಷ್ಟು ಬರೆಯುವುದಕ್ಕೆ ಐವತ್ತು ವರ್ಷ ಬೇಕಾಯಿತು. ಮಗ್ಗೆಯಲ್ಲಿ, ಕೆ. ಹೊಸಕೋಟೆಯಲ್ಲಿ, ಕೊನೆಗೆ ಆಲೂರಿನಲ್ಲಿ ಮೇಡಂ ಅನ್ನಿಸಿಕೊಂಡವಳು ನಾನು. ಸ್ಲೇಟು ಒಡೆದವರು ಯಾರು, ಕಿಟಕಿಗೆ ಕಲ್ಲು ಹೊಡೆದವರು ಯಾರು ಎಂದು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ನಿಜ ಹೇಳಿಸಿದವಳು. ಒಂದೊಂದು ಸಲ ಆ ಸಾಲಿನ ಕೊನೆಯಲ್ಲಿ ಹನ್ನೊಂದು ವರ್ಷದ ನಾನೇ ನಿಂತ ಹಾಗೆ ಕಂಡು — ಇರಲಿ. ಕ್ರಮವಾಗಿ ಬರೆಯುತ್ತೇನೆ. ಕ್ರಮ ತಪ್ಪಿದರೆ ನಾನು ಮತ್ತೆ ತಪ್ಪಿಸಿಕೊಳ್ಳುತ್ತೇನೆ.

ಅಪ್ಪಯ್ಯ ಬೇರೊಂದು ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಬೆಳಿಗ್ಗೆ ಆರೂವರೆಗೆ ಗಂಟೆ ಹೊಡೆದರೆ ಲೈನ್ ಮನೆಗಳ ಆಳುಗಳು ಸ್ಟೋರಿನ ಮುಂದೆ ಸಾಲು ನಿಲ್ಲಬೇಕು, ಅಪ್ಪಯ್ಯ ಹಾಜರಿ ಕೂಗಬೇಕು. ನಮ್ಮ ಮನೆಯೂ ಆ ಗಂಟೆಯ ಪ್ರಕಾರವೇ ನಡೆಯುತ್ತಿತ್ತು. ರಾಜು ಹುಟ್ಟಿದಾಗ ಅವ್ವ ತೀರಿಹೋದಳು. ಅದೇ ವರ್ಷ ಗಂಡನನ್ನು ಕಳೆದುಕೊಂಡಿದ್ದ ಸಾಕತ್ತೆ ಒಂದು ಟ್ರಂಕು ಹಿಡಿದು ನಮ್ಮ ಮನೆಗೆ ಬಂದಳು. ಐದಕ್ಕೆ ಒಲೆ ಹಚ್ಚುವುದು, ಆರಕ್ಕೆ ನನಗೆ ಎರಡು ಜಡೆ ಹಾಕುವುದು, ಎಂಟಕ್ಕೆ ಬುತ್ತಿ — ಎಲ್ಲವೂ ಅವಳದೇ. ಅವಳಿಗೆ ಅಂತ ಇದ್ದದ್ದು ವರ್ಷಕ್ಕೆ ಒಂದೇ ದಿನ. ಕಾರ್ತಿಕದಲ್ಲಿ ಹೊಳೆಯ ದೇವರ ಮಡುವಿಗೆ ಹೋಗಿ ಮೀನಿಗೆ ಮಂಡಕ್ಕಿ ಹಾಕುವ ದಿನ.

ಆ ಮಡುವಿನ ಮೀನನ್ನು ನಮ್ಮ ಕಡೆ ಯಾರೂ ಹಿಡಿಯುವುದಿಲ್ಲ. ಹರಕೆ ಹೊತ್ತವರು ಮಂಡಕ್ಕಿ ಹಾಕಿ ಬರುತ್ತಾರೆ. ಬೇರೆಯವರು ಮೊರದಿಂದ ಸುರಿದು ಎದ್ದು ಹೋದರೆ, ಅತ್ತೆ ಮೆಟ್ಟಿಲ ಮೇಲೆ ಕೂತು ಅಂಗೈಯಿಂದ ಮೂರು ಸಲ ನೀರು ತಟ್ಟುತ್ತಿದ್ದಳು. ಮೀನು ಅವಳ ಬೆರಳಿನ ಸಂದಿಗೇ ಬಾಯಿ ಹಾಕುತ್ತಿದ್ದವು. ಉಪ್ಪಿಲ್ಲದ, ಎಣ್ಣೆ ಸೋಕದ ಒಣ ಮಂಡಕ್ಕಿ. ಅದನ್ನು ಅವಳು ಹಿಂದಿನ ದಿನವೇ ಸೆರಗಿನಂಚಿನಲ್ಲಿ ಕಟ್ಟಿಟ್ಟುಕೊಳ್ಳುತ್ತಿದ್ದಳು.

ಹೆತ್ತೂರಿನಾಚೆಯ ಆ ಸಾಹುಕಾರರಿಗೆ ಮಕ್ಕಳಿರಲಿಲ್ಲ. ಗಾಯಗೊಂಡು ತೋಟದಲ್ಲಿ ಸಿಕ್ಕಿದ್ದನ್ನೆಲ್ಲ ತಂದು ಸಾಕುತ್ತಿದ್ದರು. ಒಂದು ರೆಕ್ಕೆ ಮುರಿದ ಮಂಗಟ್ಟೆ ಹಕ್ಕಿ, ಮುಳ್ಳುಹಂದಿ, ಕಾಫಿ ಹಣ್ಣು ತಿಂದು ಹಿಕ್ಕೆಯಲ್ಲಿ ಬೀಜ ಬಿಡುವ ಪುನುಗಿನ ಬೆಕ್ಕು, ಬೇಲಿಯೊಳಗೆ ಎಂಟು ಜಿಂಕೆ. ಹಳೆಯ ಸ್ಟೋರನ್ನು ತೆರವು ಮಾಡಿಸಿ ಏಳು ಗಾಜಿನ ತೊಟ್ಟಿ ಇಡಿಸಿ ಅದಕ್ಕೆ ಮೀನುಮನೆ ಅಂತ ಹೆಸರಿಟ್ಟಿದ್ದರು. ದಸರಾ ರಜೆಯಲ್ಲಿ ಗೇಟು ತೆಗೆದಿರುತ್ತಿತ್ತು. ಬೋರ್ಡಿನ ಮೇಲೆ ಬರೆಸಿದ್ದರು: ಸಂಸಾರ ಸಮೇತ ಬನ್ನಿ. ಪ್ರಾಣಿಗಳಿಗೆ ಏನನ್ನೂ ಹಾಕಬೇಡಿ.

ನಾವು ಹನ್ನೊಂದು ಗಂಟೆಗೆ ತಲುಪಿದೆವು. ಹೈದರ್ ಸಾಬರು ಮೊದಲು ಲಾರಿ ಓಡಿಸುತ್ತಿದ್ದವರಂತೆ. ಕಣ್ಣು ಮಂಜಾದ ಮೇಲೆ ಸಾಹುಕಾರರು ಇಲ್ಲಿಗೆ ಹಾಕಿಕೊಂಡಿದ್ದರು. ಮುಳ್ಳುಹಂದಿಯ ಗೂಡಿಗೆ ಕೈ ಚಾಚಿದ ರಾಜುವಿಗೆ, "ಮುಟ್ಟು ಮಾರಾಯ, ಮುಟ್ಟು. ಮುಳ್ಳು ಕೀಳಕ್ಕೆ ನಿಮ್ಮಪ್ಪಯ್ಯಂಗೆ ರಜಾನೇ ಐತಲ್ಲ" ಎಂದರು. ಅಪ್ಪಯ್ಯ ನಕ್ಕರು. ಅಪ್ಪಯ್ಯ ನಕ್ಕದ್ದು ಅಪರೂಪವಾದ್ದರಿಂದ ನೆನಪಿದೆ.

ಹನ್ನೆರಡೂವರೆಗೆ ಮರದ ಕೆಳಗೆ ಊಟ. ಅತ್ತೆ ಎರಡು ಗಂಟು ತಂದಿದ್ದಳು. ಹಳೆಯ ಹಸಿರು ಸೀರೆಯ ತುಂಡಿನಲ್ಲಿ ನಮಗೆ ಖಾರ ಮಂಡಕ್ಕಿ — ಮೆಣಸಿನಪುಡಿ, ಬೆಳ್ಳುಳ್ಳಿ, ಎಣ್ಣೆ ಹಾಕಿ ಕಲಸಿದ್ದು. ಸೆರಗಿನಂಚಿನಲ್ಲಿ ಮೀನಿಗೆ ಅಂತ ಒಣ ಮಂಡಕ್ಕಿ. ಬೋರ್ಡನ್ನು ನಾನು ಓದಿ ಹೇಳಿದ ಮೇಲೆ ಅವಳು ಸೆರಗಿನ ಗಂಟನ್ನು ಬಿಚ್ಚಲೇ ಇಲ್ಲ. ಇದನ್ನು ಗಮನಿಸಬೇಕು. ಹಾಕಬೇಡಿ ಅಂದ ಕಡೆ ಅವಳು ಒಣ ಮಂಡಕ್ಕಿಯನ್ನೂ ಹಾಕಲಿಲ್ಲ.

ಎರಡು ಗಂಟೆಗೆ ಮೀನುಮನೆಯೊಳಗೆ ಹೋದೆವು. ಕೊನೆಯ ತೊಟ್ಟಿಯಲ್ಲಿ ಸಣ್ಣ ಮೀನುಗಳ ನಡುವೆ ತಾಮ್ರದ ಬಣ್ಣದ ಚಿಪ್ಪಿನ ಒಂದು ದೊಡ್ಡ ಮೀನಿತ್ತು. ಹೊಳೆಯಿಂದಲೇ ತಂದದ್ದಂತೆ. ನಮ್ಮ ಕಡೆಗೆ ಬಾಲ ಮಾಡಿ ಮೂಲೆಯಲ್ಲಿ ನಿಂತಿತ್ತು. ಸಾಬರು, "ಅದು ಯಾರಿಗೂ ಮುಖ ತೋರ್ಸಲ್ಲ ಕಣವ್ವ, ಸಾಹುಕಾರ್ರಿಗೂ ತೋರ್ಸಲ್ಲ" ಎಂದರು. ಅತ್ತೆ ಗಾಜಿನ ಮೇಲೆ ಅಂಗೈ ಇಟ್ಟಳು. ಮೂರು ಸಲ, ಸಪ್ಪಳವಾಗದ ಹಾಗೆ ತಟ್ಟಿದಳು. ಮೀನು ತಿರುಗಿತು. ನಿಧಾನವಾಗಿ ಬಂದು ಅವಳ ಅಂಗೈಯ ನೇರಕ್ಕೆ ನಿಂತುಕೊಂಡಿತು.

ಬಾಗಿಲಲ್ಲಿ ಸಾಹುಕಾರರು ನಿಂತಿದ್ದರು. ನಾವು ಅವರನ್ನು ನೋಡಿರಲಿಲ್ಲ. ಅವರು ಅಪ್ಪಯ್ಯನ ಕಡೆ ತಿರುಗಿ, "ರೈಟ್ರೇ, ನಿಮ್ಮ ತಂಗೀನ ಇಲ್ಲಿಗೆ ಕಳ್ಸಿಕೊಡ್ತೀರಾ? ಔಟ್‌ಹೌಸ್ ಖಾಲಿ ಐತೆ. ಸಾಬ್ರಿಗೆ ಒಬ್ರಿಗೇ ಆಗ್ತಾ ಇಲ್ಲ" ಎಂದರು. ಸಂಬಳದ ಕೆಲಸ, ಇರಲು ಮನೆ ಎಂದೂ ಹೇಳಿದರು. ಅಪ್ಪಯ್ಯ ಯೋಚಿಸಿ ಹೇಳುತ್ತೇನೆ ಎಂದರು. ಆದರೆ ಅವರಿಗೆ ಹೆಮ್ಮೆಯಾಗಿತ್ತು, ಕತ್ತು ನೆಟ್ಟಗಾಗಿತ್ತು. ಅತ್ತೆ ಮಾತ್ರ ಯೋಚಿಸಲಿಲ್ಲ. ಗಾಜಿನಿಂದ ಕೈ ತೆಗೆಯದೆ ಕೇಳಿದಳು:

"ಬೆಳಿಗ್ಗೆ ಎಷ್ಟೊತ್ತಿಗೆ ಬರ್ಬೇಕು ಸಾಮಿ?"

ಅವಳ ಆ ಮುಖವನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಆಮೇಲೂ ನೋಡಲಿಲ್ಲ. ಮೂವತ್ತೆರಡು ವರ್ಷದ ಹೆಂಗಸು, ತನ್ನ ಕೆಲಸಕ್ಕೆ ಆಗಲೇ ಹೊರಟು ನಿಂತವಳ ಹಾಗೆ — ಮತ್ತು ನನಗೆ ಅನ್ನಿಸಿದ್ದು ಒಂದೇ: ಆರು ಗಂಟೆಗೆ ನನ್ನ ಜಡೆ ಹಾಕುವವರು ಯಾರು?

ಎರಡೂವರೆಗೆ ಜಿಂಕೆಗಳಿಗೆ ಸೊಪ್ಪು ಹಾಕುವ ಹೊತ್ತು. ಎಲ್ಲರೂ ಅಲ್ಲಿಗೆ ಹೋದರು. ಬೇಲಿಯ ಮೇಲಿಂದ ತೋರಿಸಲು ರಾಜುವನ್ನು ಎತ್ತಿಕೊಳ್ಳಬೇಕಾಗಿ, ಅತ್ತೆ ಹಸಿರು ಗಂಟನ್ನು ನನ್ನ ಕೈಗೆ ಕೊಟ್ಟಳು. ನಾನು ಗಂಟು ಹಿಡಿದುಕೊಂಡು ಮೀನುಮನೆಗೆ ವಾಪಸು ಬಂದೆ. ಗಾಜಿನ ಮೇಲೆ ಅಂಗೈ ಇಟ್ಟೆ. ಮೂರು ಸಲ ತಟ್ಟಿದೆ. ದೊಡ್ಡ ಮೀನು ಮೂಲೆಯಿಂದ ಅಲುಗಲಿಲ್ಲ. ಮತ್ತೆ ತಟ್ಟಿದೆ. ಆಮೇಲೆ ಸ್ಟೂಲು ಹತ್ತಿ, ಗಂಟು ಬಿಚ್ಚಿ, ಉಳಿದದ್ದಷ್ಟನ್ನೂ ಸುರಿದೆ.

ಖಾರದ್ದೆಂದು ಗೊತ್ತಿತ್ತೇ? ಗೊತ್ತಿತ್ತು. ಬೆರಳಿಗೆ ಎಣ್ಣೆ ಅಂಟಿತ್ತು. ನಮಗೆ ರುಚಿಯಾದದ್ದು ಅದಕ್ಕೂ ರುಚಿ ಎಂದುಕೊಂಡೆ, ಅಷ್ಟೇ — ಎಂದು ಬರೆದು ಮುಗಿಸಬಹುದು. ಆದರೆ ಆ ಸುರಿಯುವಿಕೆಯಲ್ಲಿ ಸ್ವಲ್ಪ ಸಿಟ್ಟೂ ಇತ್ತೇನೋ, ಅತ್ತೆಯ ಮೇಲಿನದು, ಮೀನಿನ ಮೇಲಿನದು — ತುಂಬ ಹುಡುಕಿದ್ದೇನೆ. ಸಿಗುವುದಿಲ್ಲ. ಇಲ್ಲವೆಂದೂ ಹೇಳಲಾರೆ.

ನೀರಿನ ಮೇಲೆ ಕೆಂಪು ಎಣ್ಣೆ ಹರಡಿತು. ಸಣ್ಣ ಮೀನುಗಳು ಮೇಲೆ ಬಂದು ಬಾಯಿ ತೆರೆದು ತೆರೆದು ಮುಚ್ಚತೊಡಗಿದವು. ನಾನು ಬಟ್ಟೆಯನ್ನು ಅಲ್ಲೇ ಬಿಟ್ಟು ಓಡಿದೆ.

ಮೂರು ಗಂಟೆಗೆ ಸಾಬರು ಹಸಿರು ಬಟ್ಟೆಯ ತುಂಡನ್ನು ಕೈಯಲ್ಲಿ ಹಿಡಿದು ಬಂದರು. ನಾಲ್ಕು ಮೀನು ಹೊಟ್ಟೆ ಮೇಲಾಗಿದ್ದವು. ದೊಡ್ಡದು ಒಂದು ಕಡೆ ವಾಲಿಕೊಂಡಿತ್ತು. ಎಲ್ಲರೂ ತೊಟ್ಟಿಯ ಮುಂದೆ ನಿಂತೆವು. ಬಟ್ಟೆ ಯಾರದೆಂದು ಅಪ್ಪಯ್ಯನಿಗೆ ಗೊತ್ತಾಯಿತು. ಹೊಳೆಯಲ್ಲಿ ಮೀನಿಗೆ ಮಂಡಕ್ಕಿ ಹಾಕುವ ತಂಗಿ, ಮಂಡಕ್ಕಿಯ ಗಂಟು, ಮೀನಿನ ತೊಟ್ಟಿ — ಅವರ ಮನಸ್ಸಿನಲ್ಲಿ ಲೆಕ್ಕ ಕೂಡಿತ್ತು. ಆದರೂ ರೈಟರ್ ಅಲ್ಲವೇ, ಹಾಜರಿ ಕೂಗುವ ಹಾಗೆ ಒಬ್ಬೊಬ್ಬರನ್ನೇ ಕೇಳಿದರು. ಮೊದಲು ಅತ್ತೆಯನ್ನು.

"ನಾನು ಹಾಕಿಲ್ಲ ಅಣ್ಣಯ್ಯ. ಮೀನಿಗೆ ಖಾರ ಹಾಕ್ತಾರಾ ಯಾರಾದ್ರೂ?"

ರಾಜು ತಾನು ಅವಳ ಸೊಂಟದ ಮೇಲಿದ್ದೆ ಎಂದ. ಏಳು ವರ್ಷದವನ ಮಾತನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಆಮೇಲೆ ಅಪ್ಪಯ್ಯ ನನ್ನ ಕಡೆ ತಿರುಗಿದರು. ನಾನು ಸುಳ್ಳು ಹೇಳುವವಳಲ್ಲ ಎಂಬ ಹೆಸರಿತ್ತು.

"ಗಂಟು ಯಾರ ಕೈಲಿತ್ತು ಜಯಾ?"

"ಅತ್ತೆ ಕೈಲಿತ್ತು."

ಇದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಎರಡೂವರೆಯವರೆಗೆ ಗಂಟು ಅತ್ತೆಯ ಕೈಲೇ ಇತ್ತು. ಎಷ್ಟೋ ವರ್ಷ ನಾನು ಇದನ್ನು ನನಗೆ ನಾನೇ ಹೇಳಿಕೊಂಡೆ. ಅರ್ಧ ವೇಳಾಪಟ್ಟಿ ಓದಿ ಉಳಿದರ್ಧವನ್ನು ಮಡಚಿಟ್ಟುಕೊಂಡೆ. ಹೆದರಿ ಹೇಳಿದೆ ಎಂದೂ ಹೇಳಿಕೊಂಡೆ. ಅದೂ ಅರ್ಧವೇ. ಇನ್ನರ್ಧ ಇದು: ಆ ಮಾತು ಬಾಯಿಂದ ಹೊರಟ ಕ್ಷಣದಲ್ಲೇ ನನಗೆ ತಿಳಿದಿತ್ತು, ಇನ್ನು ಅತ್ತೆ ಎಲ್ಲಿಗೂ ಹೋಗುವುದಿಲ್ಲ ಎಂದು.

ಅತ್ತೆ ನನ್ನನ್ನು ನೋಡಿದಳು. ಗಂಟನ್ನು ತಾನೇ ನನ್ನ ಕೈಗೆ ಕೊಟ್ಟವಳು. ಒಂದು ಮಾತು ಸಾಕಿತ್ತು. ಬಾಯಿ ತೆರೆದಳು, ಮುಚ್ಚಿದಳು. ಆಮೇಲೆ ಸೆರಗಿನಂಚಿನ ಒಣ ಮಂಡಕ್ಕಿಯ ಗಂಟನ್ನು — ಆಗಲೇ ಬಿಗಿಯಾಗಿದ್ದದ್ದನ್ನು — ಇನ್ನೊಮ್ಮೆ ಬಿಗಿದಳು.

ಸಾಹುಕಾರರು ಕೂಗಾಡಲಿಲ್ಲ. ಹೋಗಲಿ ಬಿಡಿ ಎಂದರು. ಸಾಬರು ನೀರು ಬದಲಾಯಿಸಲು ಕೊಡ ತಂದರು. ಅತ್ತೆ ತಾನೂ ಒಂದು ಕೊಡ ಹಿಡಿಯಲು ಹೋದಳು. "ನೀನು ಮುಟ್ಬೇಡ ಸಾಕಿ" ಎಂದರು ಅಪ್ಪಯ್ಯ. ಔಟ್‌ಹೌಸಿನ ಮಾತು ಮತ್ತೆ ಯಾರೂ ಎತ್ತಲಿಲ್ಲ.

ಮರುದಿನ ಆರು ಗಂಟೆಗೆ ಅತ್ತೆ ನನ್ನ ಜಡೆ ಹಾಕಿದಳು. ಎಂದಿನಂತೆ ಬಿಗಿಯಾಗಿ, ಎಂದಿನಂತೆ ಸಿಕ್ಕು ಬಿಡಿಸುವಾಗ ಬುಡ ಹಿಡಿದುಕೊಂಡು, ನೋಯದ ಹಾಗೆ. ಏನನ್ನೂ ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದೆನೇನೋ. ಕಾರ್ತಿಕದಲ್ಲಿ ನಾವೆಲ್ಲ ಮಡುವಿಗೆ ಹೊರಟಾಗ ಅವಳು ಮನೆಯಲ್ಲೇ ಉಳಿದಳು. "ನನ್ ಕೈ ಮೀನಿಗಾಗಲ್ಲ ಬುಡು" ಎಂದಳು. ಆಮೇಲೆ ಯಾವ ಕಾರ್ತಿಕದಲ್ಲೂ ಹೋಗಲಿಲ್ಲ.

ಕೆಲಸ ಸಿಕ್ಕಿದ ಮೇಲೆ ನಾನು ಅವಳನ್ನು ನನ್ನ ಜೊತೆಗೇ ಕರೆದುಕೊಂಡು ಬಂದೆ. ಜಯಮ್ಮ ಮೇಡಂ ಅತ್ತೆಯನ್ನು ಹೆತ್ತತಾಯಿಯಂತೆ ನೋಡಿಕೊಂಡರು ಎಂದು ನನ್ನ ನಿವೃತ್ತಿಯ ದಿನ ಮೂವರು ಭಾಷಣ ಮಾಡಿದರು. ಮುಂದಿನ ಸಾಲಿನಲ್ಲಿ ಕೂತಿದ್ದ ಅತ್ತೆ ಚಪ್ಪಾಳೆ ತಟ್ಟಿದಳು. ರಾಜು ಮಾತ್ರ ಪ್ರತಿ ಮದುವೆ, ಪ್ರತಿ ನಾಮಕರಣದಲ್ಲಿ ಆ ಕಥೆ ತೆಗೆಯುತ್ತಾನೆ. ಅವನು ಅಂದು ಹೇಳಿದ ಮಾತು ಅವನಿಗೇ ಮರೆತುಹೋಗಿದೆ. ಅತ್ತೆ ಮೀನಿಗೆ ಖಾರ ಮಂಡಕ್ಕಿ ತಿನ್ನಿಸಿದ್ದು — ಎಲ್ಲರೂ ನಗುತ್ತಾರೆ. ಸೆರಗು ಬಾಯಿಗೆ ಹಿಡಿದು ಅತ್ತೆಯೂ ನಗುತ್ತಾಳೆ. ನಾನು ಎದ್ದು ಹೋಗಿ ಊಟಕ್ಕೆ ಎಲೆ ಎಷ್ಟು ಬಿದ್ದಿದೆ ನೋಡುತ್ತೇನೆ.

ನಿನ್ನೆ ರಾಜು ಫೋನ್ ಮಾಡಿದ್ದ. ಮೊಮ್ಮಕ್ಕಳಿಗೆ ದಸರಾ ರಜೆ. ಮೀನು, ಪ್ರಾಣಿ ಎಲ್ಲ ಇರುವ ಕಡೆಗೆ ಕಾರು ಮಾಡಿಕೊಂಡು ಹೋಗುತ್ತಾರಂತೆ. ಅತ್ತೆಯನ್ನೂ ಕರೆದುಕೊಂಡು ಬಾ, ಮಂಡಕ್ಕಿ ಮಾತ್ರ ಬೇಡ ಎಂದು ನಕ್ಕ. ನಾನು ಅತ್ತೆಗೆ ಹೇಳಿದೆ. ಅವಳಿಗೀಗ ಎಂಬತ್ತೆರಡು.

"ಮೀನು ಇರೋ ಕಡೀಕೆ ನನ್ನ ಕರ್ಕೊಂಡು ಹೋಗ್ಬೇಡ ಕಣವ್ವ" ಎಂದಳು.

ಅದಕ್ಕೇ ಇಂದು ಬೆಳಿಗ್ಗೆ ಏಳಕ್ಕೆ ಬರೆಯಲು ಕೂತೆ. ಮಧ್ಯಾಹ್ನ ಮೂರರವರೆಗೆ ಇಷ್ಟು ಬರೆದೆ.

ನಾಲ್ಕು ಗಂಟೆಗೆ ಕಾಫಿ ಕೊಟ್ಟು ಇದನ್ನು ಅತ್ತೆಗೆ ಓದಿ ಹೇಳಿದೆ. ಅವಳಿಗೆ ಕಿವಿ ಮಂದ. ತರಗತಿಯಲ್ಲಿ ಪಾಠ ಓದುವ ದನಿಯಲ್ಲೇ ಓದಬೇಕಾಯಿತು; ಪಕ್ಕದ ಮನೆಗೂ ಕೇಳಿಸಿರಬೇಕು. ಕೇಳಿಸಲಿ. ಅವಳು ಮೊರದಲ್ಲಿ ಹುರುಳಿ ಆರಿಸುತ್ತಿದ್ದಳು. ಗಂಟಿನ ಮಾತು ಬಂದಾಗ ಕೈ ನಿಲ್ಲುತ್ತದೆ ಎಂದುಕೊಂಡಿದ್ದೆ. ನಿಲ್ಲಲಿಲ್ಲ. "ಎಷ್ಟೊತ್ತಿಗೆ ಬರ್ಬೇಕು ಸಾಮಿ" ಎಂದು ನಾನು ಓದಿದಾಗ ಮಾತ್ರ ನಿಂತಿತ್ತು.

ಓದಿ ಮುಗಿಸಿದೆ. ಅವಳು ಮೊರದಿಂದ ಒಂದು ಕಲ್ಲು ಆರಿಸಿ ಪಕ್ಕಕ್ಕಿಟ್ಟಳು. ಆಮೇಲೆ ಕೇಳಿದಳು: "ಆ ದೊಡ್ಡ ಮೀನು?"

"ಬದುಕಿತ್ತು ಅತ್ತೆ."

"ಯಾರು ಹೇಳಿದ್ರು?"

"ಅಪ್ಪಯ್ಯ. ಎಂಟು ದಿನ ಆದ್ಮೇಲೆ, ನನ್ ಹತ್ರ."

ಇದನ್ನು ನಾನು ಬೆಳಿಗ್ಗೆ ಬರೆದಿರಲಿಲ್ಲ. ಮರೆತದ್ದಲ್ಲ. ಆ ಸುದ್ದಿಯನ್ನು ಅವಳಿಗೆ ಮುಟ್ಟಿಸಬೇಕಾದರೆ ಆ ದಿನದ ಮಾತು ತೆಗೆಯಬೇಕಾಗುತ್ತಿತ್ತು. ಅದಕ್ಕೆ ಅದನ್ನೂ ನುಂಗಿದ್ದೆ.

"ಅವತ್ತೇ ಹೇಳಿದ್ರೆ ಆಗ್ತಿತ್ತಲ್ಲ ಮಗ" ಎಂದಳು ಅತ್ತೆ. "ಅದೂ ಸತ್ತೋಯ್ತು ಅಂತ್ಲೇ ಇದ್ನಲ್ಲ."

ಅಷ್ಟೇ. ಕ್ಷಮಿಸಿದೆ ಎಂದು ಅವಳು ಅನ್ನಲಿಲ್ಲ, ನಾನು ಕೇಳಲಿಲ್ಲ. ಉಳಿದ ಹುರುಳಿಯನ್ನು ಆರಿಸಿ, ಕಲ್ಲನ್ನು ಅಂಗಳಕ್ಕೆ ಎಸೆದು, ಮೊರವನ್ನು ನನ್ನ ಕಡೆ ಸರಿಸಿದಳು.

ಆರು ಗಂಟೆಯಿಂದ ಕೂತು ಇದರ ಇನ್ನೊಂದು ಪ್ರತಿ ಮಾಡಿದೆ, ರಾಜುವಿಗೆ. ಕೆಳಗೆ ಒಂದು ಸಾಲು ಸೇರಿಸಿದೆ: ಇನ್ನು ಮೇಲೆ ಆ ಕಥೆ ಹೇಳುವುದಾದರೆ ನನ್ನ ಹೆಸರು ಹಾಕಿ ಹೇಳು. ಲಕೋಟೆ ಅಂಟಿಸಿ ಬಾಗಿಲ ಬಳಿ ಇಟ್ಟೆ. ಎಂಟಕ್ಕೆ ಅತ್ತೆಗೆ ಮಜ್ಜಿಗೆ ಅನ್ನ ಕೊಟ್ಟೆ, ಉಂಡಳು. ಎಂಟೂವರೆಗೆ ಅವಳು ಆರಿಸಿಟ್ಟ ಹುರುಳಿಯನ್ನು ಎರಡು ಸಲ ತೊಳೆದು ನೆನೆಹಾಕಿದೆ.