ಸೋಮವಾರದ ಪಂಪು

ಯಾವುದನ್ನಾದರೂ ಒಂದೇ ಇಟ್ಟುಕೊಂಡು ನೆಮ್ಮದಿಯಾಗಿರುವುದು ನನಗೆ ಬರುವುದಿಲ್ಲ. ದೇವರ ಮನೆಯಲ್ಲಿ ಎರಡು ದೀಪ, ಒಲೆಯ ಹತ್ತಿರ ಎರಡು ಕಡ್ಡಿಪೆಟ್ಟಿಗೆ. ಬೀಗದ ಕೈ ಒಂದು ನನ್ನ ಸೊಂಟದಲ್ಲಿದ್ದರೆ ಅದರ ಜೋಡಿ ಜೋಳದ ಡಬ್ಬಿಯ ತಳದಲ್ಲಿ. ಮೊಸರಿನ ಹೆಪ್ಪು ಮನೆಯಲ್ಲೊಂದು ಬಟ್ಟಲು ಇರುತ್ತದೆ; ಅದು ಕೆಟ್ಟರೆ ಇರಲಿ ಎಂದು ಪಕ್ಕದ ಮನೆಯಲ್ಲಿ ಇನ್ನೊಂದು. ಪಕ್ಕದ ಮನೆಯವರಿಗೆ ತಮ್ಮ ಮನೆಯ ಮೊಸರು ನನ್ನ ಭದ್ರತೆಗಾಗಿ ಇದೆ ಎಂಬುದು ಗೊತ್ತಿಲ್ಲ, ಅಷ್ಟೆ.

ನಮ್ಮ ಮನೆಯವರು ಇದನ್ನು ಕಂಡು ನಗುತ್ತಾರೆ. "ಎಲ್ಲಾ ಎರಡೆರಡು ಇಟ್ಟೀದಿ. ಗಂಡ ಒಬ್ಬನೇ ಅದಾನಲ್ಲ, ಚಿಂತಿ ಆಗಂಗಿಲ್ಲೇನು ನಿನಗ?"

"ಆಗ್ತದ್ರಿ. ಅದಕ್ಕ ಸೋಮವಾರ ಉಪವಾಸ ಮಾಡಾಕತ್ತೀನಿ."

ಇದು ನನ್ನೊಬ್ಬಳ ಹುಚ್ಚಲ್ಲ ಎಂದು ಸಮಾಧಾನ ಮಾಡಿಕೊಳ್ಳಬೇಕೆನಿಸಿದಾಗ ನಮ್ಮೂರ ಕೋಟೆಯನ್ನು ನೆನೆಯುತ್ತೇನೆ. ನೆಂಟರು ಬಂದಾಗ ಬಸವಕಲ್ಯಾಣದ ಕೋಟೆ ತೋರಿಸಲು ನಾನೇ ಹೋಗಬೇಕು. ಅವರು ತೋಪು ನೋಡುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ. ನನ್ನ ಕಣ್ಣು ಬಾಗಿಲುಗಳ ಮೇಲೆ. ಒಂದು ದಾಟಿದರೆ ತಿರುವಿನಲ್ಲಿ ಇನ್ನೊಂದು, ಅದನ್ನು ದಾಟಿದರೆ ಮತ್ತೊಂದು. ಕಟ್ಟಿಸಿದ ರಾಜನ ಬಗ್ಗೆ ಯಾರು ಏನೇ ಹೇಳಲಿ, ಅವನ ಮನೆಯಲ್ಲಿ ನನ್ನಂಥ ಹೆಂಗಸೊಬ್ಬಳು ಇದ್ದಳು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಇಷ್ಟೆಲ್ಲ ಹೇಳಿದ್ದು ನಮ್ಮ ಗಾಡಿಯ ಸುದ್ದಿಗೆ ಬರುವುದಕ್ಕೆ. ನಮ್ಮದೊಂದು ಹಳೆಯ ಡೀಸೆಲ್ ಪಿಕಪ್ ಇದೆ. ಇವರು ದಿನಾ ಮುಂಜಾನೆ ಅದನ್ನು ಮುಡಬಿಯ ಕಡೆ ಒಯ್ಯುತ್ತಾರೆ, ಅಲ್ಲಿಯ ಹೆಣ್ಣುಮಕ್ಕಳು ಕರೆದು ಕೂಡಿಸಿದ ಹಾಲಿನ ಕ್ಯಾನುಗಳನ್ನು ಏರಿಸಿಕೊಂಡು ಹುಮನಾಬಾದಿನ ಹಾಲಿನ ಕೇಂದ್ರಕ್ಕೆ ಮುಟ್ಟಿಸುತ್ತಾರೆ. ಗಾಡಿಯ ಬಗ್ಗೆ ನನಗೆ ತಿಳಿದದ್ದು ಕಡಿಮೆ. ಇಂಜಿನ್ನು ತನಗೆ ಬೇಕಾದ ಡೀಸೆಲನ್ನು ಕರುವಿನ ಹಾಗೆ ತಾನೇ ಕುಡಿಯುತ್ತದೆ ಎಂದುಕೊಂಡಿದ್ದೆ. ಹಾಗಲ್ಲವಂತೆ. ಡೀಸೆಲ್ ಹಿಂದೆ ಟ್ಯಾಂಕಿಯಲ್ಲಿ, ಇಂಜಿನ್ನು ಮುಂದೆ. ನಡುವೆ ಪಂಪು ಅಂತ ಒಂದು ಇದ್ದು, ಅದು ಎಳೆದು ತಂದು ಕುಡಿಸಿದರೆ ಮಾತ್ರ ಇಂಜಿನ್ನು ಕುಡಿಯುತ್ತದೆ. ತಟ್ಟೆ ಮುಂದಕ್ಕೆ ತಂದಿಟ್ಟರೆ ಉಣ್ಣುವ ಗಂಡಸರನ್ನು ನೋಡಿದವಳಿಗೆ ಇದು ಬೇಗ ತಿಳಿಯಿತು.

ಕಳೆದ ಬೇಸಿಗೆಯಲ್ಲಿ ಆ ಪಂಪು ಕೈಕೊಟ್ಟಿತು. ಡೀಸೆಲಿನ ಬದಲು ಗಾಳಿ ಎಳೆಯಿತು, ಗಾಡಿ ಕೆಮ್ಮಿ ನಿಂತಿತು, ಬಿಸಿಲಿಗೆ ಹಾಲು ಒಡೆಯಿತು. ಕೇಂದ್ರದವರು ಕ್ಯಾನುಗಳನ್ನು ಹಾಗೇ ವಾಪಸ್ ಕಳಿಸಿದರು. ಇವರು ಹೊಸ ಪಂಪು ಹಾಕಿಸಿದರು. ತಿಂಗಳೊಪ್ಪತ್ತಿಗೆ ಅದೂ ಹಾಗೇ ಮಾಡಿತು. ಗಾಡಿ ಹಳೆಯದು, ಅದಕ್ಕೆ ಒಪ್ಪುವ ಅಸಲಿ ಸಾಮಾನು ಸಿಗುವುದೇ ಇಲ್ಲವಂತೆ. ಎರಡನೆಯ ಸಲ ಹಾಲು ಹೊಳ್ಳಿ ಬಂದಾಗ ಮುಡಬಿಯ ಗುಂಡಮ್ಮ, ಆ ಹೆಣ್ಣುಮಕ್ಕಳಲ್ಲೆಲ್ಲ ಹಿರಿಯಳು, ಮಾತಾಡಿದರೆ ಎಮ್ಮೆ ಕೂಡ ಮೆಲುಕು ನಿಲ್ಲಿಸುವಂಥವಳು, ಇವರನ್ನು ಕರೆದು ಹೇಳಿದಳು:

"ತಮ್ಮಾ, ನೀ ಚಲೋ ಮನಶ್ಯಾ ಅದಿ. ನಿನ್ ಗಾಡಿ ಚಲೋ ಇಲ್ಲ. ಎರಡ್ ಸಲ ಆತು. ಮೂರನೇ ಸಲ ಹಾಲ್ ಹೊಳ್ಳಿ ಬಂತಂದ್ರ ನಮ್ ಕ್ಯಾನ್ ಬ್ಯಾರೆ ಗಾಡ್ಯಾಗ ಹೋಗ್ತಾವ. ಸಿಟ್ಟ್ ಆಗಬ್ಯಾಡ."

ಸಿಟ್ಟಾಗಲು ಏನಿದೆ? ಮುಂಜಾನೆ ಎದ್ದು ಹಿಂಡಿ ಕಲಸಿ ಕರೆದ ಹಾಲು ಅದು. ಆದರೆ ಆ ಕ್ಯಾನುಗಳು ಹೋದರೆ ಈ ಗಾಡಿಗೆ ಬೇರೆ ಕೆಲಸವಿಲ್ಲ, ಇವರಿಗೂ ಇಲ್ಲ. ಆ ದಿನ ಇವರು ಊಟಕ್ಕೆ ಕೂತು ರೊಟ್ಟಿಯನ್ನು ಮುರಿದು ಮುರಿದು ಇಟ್ಟರೇ ಹೊರತು ತಿನ್ನಲಿಲ್ಲ.

ದಾರಿ ತೋರಿಸಿದವರು ಹುಮನಾಬಾದಿನ ಖಾಲೀದ್ ಮಿಸ್ತ್ರಿ. ಹೆದ್ದಾರಿಯ ಪಕ್ಕ ಅವರ ಗ್ಯಾರೇಜು. "ಒಂದ್ ಪಂಪ್ ನಂಬಿ ಕುಂಡ್ರಬ್ಯಾಡ್ರಿ ಭೈ. ಕರೆಂಟಿಂದು ಇನ್ನೊಂದ್ ಪಂಪ್ ಜೋಡಿಸೂಣು. ಮುಂದಿಂದು ಸತ್ತರ ಸ್ವಿಚ್ ಒತ್ತ್ರಿ, ಹಿಂದಿಂದು ಚಾಲೂ" ಎಂದರು. ಈ ಮಾತು ಕೇಳಿದಾಗ ಆ ಮಿಸ್ತ್ರಿ ನನ್ನ ಹಿಂದಿನ ಜನ್ಮದ ಅಣ್ಣ ಎನ್ನಿಸಿತು.

ಜೋಡಿಸುವ ದಿನ ನಾನೂ ಹೋಗಿದ್ದೆ. ನನ್ನ ತವರು ಹುಡಗಿ, ಹುಮನಾಬಾದಿನ ಪಕ್ಕದಲ್ಲೇ. ಅಲ್ಲಿಗೆ ಹೋಗುವ ನೆಪ. ಗ್ಯಾರೇಜಿನಲ್ಲಿ ನನಗೊಂದು ಕುರ್ಚಿ ಒರೆಸಿ ಹಾಕಿದರು. ಮಿಸ್ತ್ರಿ ಗಾಡಿಯ ಕೆಳಗೆ ಹೋಗಿ, ಟ್ಯಾಂಕಿಗೆ ಹತ್ತಿರ, ಅಡಿಯ ಚೌಕಟ್ಟಿಗೆ ಒಂದು ಕಬ್ಬಿಣದ ಪಟ್ಟಿ ಬಿಗಿದು, ಚಿಕ್ಕ ತಂಬಿಗೆಯಷ್ಟು ದೊಡ್ಡದೊಂದು ಪಂಪು ಕೂಡಿಸಿದರು. ಡೀಸೆಲ್ ಪೈಪು ಕತ್ತರಿಸಿ ಕವಲು ಮಾಡಿದರು. ಒಂದು ಕಡೆಯಿಂದ ಹೋದದ್ದು ಹಿಂದಕ್ಕೆ ಬಾರದ ಹಾಗೆ ವಾಲ್ವು ಹಾಕಿದರು; ನಮ್ಮ ಮನೆಯಿಂದ ಉಂಡಿ ತುಂಬಿಸಿಕೊಂಡು ಹೋದ ಡಬ್ಬಿಗಳಿಗೆ ಯಾರೋ ಆಗಲೇ ಹಾಕಿಬಿಟ್ಟಿದ್ದಾರೆ ಅದನ್ನು. ವೈರು ಎಳೆದು, ಫ್ಯೂಜು ಹಾಕಿ, ಸ್ಟೇರಿಂಗಿನ ಕೆಳಗೆ ಕೆಂಪು ದೀಪದ ಸ್ವಿಚ್ಚು ಕೂಡಿಸಿದರು. ಒತ್ತಿದರೆ ಗಾಡಿಯ ಹೊಟ್ಟೆಯಲ್ಲಿ ದುಂಬಿ ಗುಂಯ್ ಎಂದಿತು.

ಕೊನೆಗೆ ಮಿಸ್ತ್ರಿ ನನ್ನ ಕಡೆ ತಿರುಗಿ, "ಭಾಭೀ, ಇವರಿಗಿ ನೆನಪಿರಂಗಿಲ್ಲ, ನೀವು ನೆನಪಿಡ್ರಿ. ವಾರಕ್ಕೊಮ್ಮಿ ಹತ್ತ್ ಮಿನಿಟ್ ಇದನ್ನ ಚಾಲೂ ಮಾಡ್ಬೇಕು. ಸೋಮವಾರ ನಿಮ್ದು ಪೂಜಾ ಇರ್ತದಲ್ಲ, ಅದೇ ದಿನ ಇಟ್ಕೊಳ್ರಿ" ಎಂದರು.

ನೆನಪಿಟ್ಟೆ. ಸೋಮವಾರವನ್ನು ನೆನಪಿಟ್ಟೆ.

ಮೊದಲ ಸೋಮವಾರ ಪೂಜೆ ಮುಗಿಸಿ ಹೊರಗೆ ಬಂದಾಗ ಇವರು ಸ್ವಿಚ್ಚು ಒತ್ತಲು ಹೊರಟಿದ್ದರು. ಇನ್ನೂ ಹೊಳೆಯುವ ವಸ್ತು. ಕಷ್ಟಕ್ಕೆ ಇರಲಿ ಅಂತ ತಂದದ್ದು. ಕಷ್ಟವೇ ಇಲ್ಲದೆ ಅದನ್ನು ಸವೆಸುವುದೆಂದರೇನು? "ಬ್ಯಾಡ್ರಿ, ಇರಲಿ" ಎಂದೆ. ಸ್ವಿಚ್ಚಿಗೆ ವಿಭೂತಿ ಹಚ್ಚಿ, ಧೂಳು ಹೋಗಬಾರದೆಂದು ಪ್ಲಾಸ್ಟಿಕ್ ಹಾಳೆ ಸುತ್ತಿ, ಅದರ ಮೇಲೆ ದಾರ ಕಟ್ಟಿದೆ. ಮುಂದಿನ ಸೋಮವಾರ ಮತ್ತೆ ದಾರ ಬಿಚ್ಚಿ, ವಿಭೂತಿ ಹಚ್ಚಿ, ಮತ್ತೆ ಕಟ್ಟಿದೆ. ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ಇವರು ನನ್ನ ಮಾತನ್ನು ಮರುಮಾತಿಲ್ಲದೆ ಕೇಳಿದ್ದು ಅದೊಂದೇ ಸಲ.

ನಮ್ಮ ಕಡೆಯ ಮನೆಗಳನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿರಲಾರದು. ನಮ್ಮ ಪಡಸಾಲೆಯ ಶೋಕೇಸಿನಲ್ಲಿ ನೀಲಿ ಹೂವಿನ ಆರು ಕಪ್ಪು-ಬಸಿ ಇವೆ, ಗೃಹಪ್ರವೇಶಕ್ಕೆ ಉಡುಗೊರೆಯಾಗಿ ಬಂದವು. ದೊಡ್ಡ ನೆಂಟರು ಬಂದರೆ ಇರಲಿ ಅಂತ ಇಟ್ಟದ್ದು. ಅಷ್ಟು ದೊಡ್ಡ ನೆಂಟರು ಇನ್ನೂ ಬಂದಿಲ್ಲ. ನಾವು ಸ್ಟೀಲ್ ಲೋಟದಲ್ಲಿ ಕುಡಿಯುತ್ತೇವೆ.

ತಿಂಗಳುಗಳು ಕಳೆದವು. ಈ ಬೇಸಿಗೆಯ ಒಂದು ದಿನ ಹುಡಗಿಯಲ್ಲಿ ನನ್ನ ತಂಗಿಯ ಮಗಳ ಕುಬಸ, ಏಳು ತಿಂಗಳ ಬಸುರಿಗೆ ಸೀರೆ ಉಡಿಸಿ ಉಡಿ ತುಂಬುವ ಕಾರ್ಯ. ನಾನು ಪೂಜೆಯನ್ನು ಬೇಗ ಮುಗಿಸಿ, ಟ್ರಂಕಿನಲ್ಲಿ ಕಾದಿಟ್ಟ ರೇಷ್ಮೆ ಸೀರೆ ಉಟ್ಟು, ಇವರ ಜೊತೆ ಗಾಡಿ ಏರಿದೆ. ಮುಡಬಿಯಲ್ಲಿ ಕ್ಯಾನು ಏರಿದವು. ಗುಂಡಮ್ಮ ನನ್ನನ್ನು ಕಂಡು, "ಏನವ್ವಾ, ಇವತ್ತ್ ಗಾಡಿಗಿ ಕಾವಲಾ?" ಎಂದಳು. ನಕ್ಕೆವು.

ಹುಮನಾಬಾದ್ ಇನ್ನು ಹತ್ತು ಹನ್ನೆರಡು ಕಿಲೋಮೀಟರ್ ಇರುವಾಗ ಗಾಡಿ ಕೆಮ್ಮಿತು. ಮತ್ತೆ ಕೆಮ್ಮಿತು. ಇವರು ಬದಿಗೆ ಒಯ್ದು ನಿಲ್ಲಿಸಿ ನನ್ನ ಮುಖ ನೋಡಿದರು. ನಿಜ ಹೇಳುತ್ತೇನೆ, ನನಗೆ ಒಳಗೊಳಗೇ ಸಂತೋಷವಾಯಿತು. ಇಷ್ಟು ದಿನ ಕಾದಿಟ್ಟದ್ದು ಇದಕ್ಕೇ ಅಲ್ಲವೇ? "ಒತ್ತ್ರಿ" ಎಂದೆ.

ಒತ್ತಲು ಮೊದಲು ಬಿಚ್ಚಬೇಕಲ್ಲ. ನಾನೇ ಹಾಕಿದ ಗಂಟು ನನ್ನ ಉಗುರಿಗೆ ಸಿಗದೆ ಹಲ್ಲಿನಿಂದ ಹರಿದೆ. ಸ್ವಿಚ್ಚು ಒತ್ತಿದರು. ಕೆಂಪು ದೀಪ ಹತ್ತಿತು. ದುಂಬಿ ಗುಂಯ್ ಎನ್ನಲಿಲ್ಲ. ಮತ್ತೆ ಒತ್ತಿದರು. ಲಾರಿಗಳು ಹಾದು ಹೋಗುತ್ತಿದ್ದವು, ಪ್ರತಿ ಲಾರಿಗೂ ನಮ್ಮ ಗಾಡಿಯ ಹಿಂದೆ ಕ್ಯಾನುಗಳು ಸಣ್ಣಗೆ ಒಂದಕ್ಕೊಂದು ತಾಗುತ್ತಿದ್ದವು. ಬಿಸಿಲು ಆಗಲೇ ಕ್ಯಾನುಗಳ ಮೇಲಿನ ಹಸಿ ಗೋಣಿಚೀಲವನ್ನು ಒಣಗಿಸತೊಡಗಿತ್ತು. ಇದು ಮೂರನೆಯ ಸಲ.

ಇವರು ಫೋನು ಹಚ್ಚಿ ಸ್ಪೀಕರಿಗೆ ಹಾಕಿದರು. "ಮಿಸ್ತ್ರಿ, ಎರಡನೇದೂ ಏಳವಲ್ದು."

"ಸೋಮವಾರ ಸೋಮವಾರ ಚಾಲೂ ಮಾಡೀರಿಲ್ಲ?"

"ಇಲ್ಲ" ಎಂದರು ಇವರು. ತಪ್ಪನ್ನು ನನ್ನ ಮೇಲೆ ಹಾಕಲಿಲ್ಲ. ಅದನ್ನು ಆಗಲೇ ಎಣಿಸಿಕೊಂಡೆ. ರೊಟ್ಟಿ ಬಡಿಯುವಾಗ ಒಂದು ರೊಟ್ಟಿಗೆ ದೇವರ ಒಂದು ಉಪಕಾರ ನೆನೆಯುವುದು ನನ್ನ ರೂಢಿ. ಆ ದಿನದ ಮೊದಲ ರೊಟ್ಟಿ ಇದಕ್ಕೆ.

"ನಾನೇ ಬ್ಯಾಡಂದೀನ್ರಿ, ಸವೀತದಂತ" ಎಂದೆ.

ಆ ಕಡೆಯಿಂದ ಮಿಸ್ತ್ರಿ, "ಯಾ ಅಲ್ಲಾ. ಭಾಭೀ, ನಡಸಿದ್ರ ಸವೀತದ, ಖರೇ. ನಡಸಲಿಲ್ಲಂದ್ರ ಒಳಗಿಂದು ಡೀಸೆಲ್ ಅಂಟಾಗಿ ಹಿಡದ್ಕೊಂಡ್ ಕುಂಡ್ರತದ. ಈಗ ಒಂದ್ ಮಾಡ್ರಿ. ಸ್ವಿಚ್ ಚಾಲೂ ಇಡ್ರಿ, ಪಾನಾದ ಹಿಡಿಕಿಲಿಂದ ಪಂಪಿಗಿ ಮೆಲ್ಲಕ ತಟ್ಟ್ರಿ. ಜೋರ್ ಬ್ಯಾಡ. ರೊಟ್ಟಿ ಬಡದಾಂಗ" ಎಂದರು.

ಇವರು ನಟ್ಟು ಬಿಚ್ಚುವ ಪಾನಾ ಹಿಡಿದು ಕೆಳಗೆ ಹೋಗಿ ತಟ್ಟಿದರು. ಅದು ರೊಟ್ಟಿ ಬಡಿಯುವ ಸಪ್ಪಳವಲ್ಲ, ಬಾಗಿಲು ಬಡಿಯುವ ಸಪ್ಪಳ. "ಸರೀರಿ" ಎಂದು, ಗೋಣಿಚೀಲ ಹಾಸಿ, ರೇಷ್ಮೆ ಸೀರೆಯ ನೆರಿಗೆ ಎತ್ತಿ ಕಟ್ಟಿ, ನಾನೇ ಗಾಡಿಯ ಬದಿಯಿಂದ ಒಳಗೆ ಕೈ ಹಾಕಿದೆ. ಅಂಗೈಯಲ್ಲಿ ಪಾನಾ. ಇವರು ಒಳಗೆ ಸ್ವಿಚ್ಚಿನ ಹತ್ತಿರ.

ಆಗ ದೇವರನ್ನು ನೆನೆದೆ. ಹೊಸದಾಗಿ ಪರಿಚಯ ಹೇಳಿಕೊಳ್ಳಬೇಕಾಗಲಿಲ್ಲ. ಮುಂಜಾನೆ ತಾನೇ ಇಷ್ಟಲಿಂಗವನ್ನು ಅಂಗೈಯಲ್ಲಿ ಕೂಡಿಸಿಕೊಂಡು ಮಾತಾಡಿಸಿದ್ದೆ, ಅದರ ಹಿಂದಿನ ದಿನವೂ, ಅದರ ಹಿಂದಿನ ದಿನವೂ. ಲಗ್ನಕ್ಕೆ ಮೊದಲಿನಿಂದ ಒಂದು ದಿನ ಬಿಟ್ಟದ್ದಿಲ್ಲ. ಪಾನಾ ಹಿಡಿದು ಕೂತ ನನಗೆ ಆಗ ಹೊಳೆಯಿತು: ದೇವರನ್ನು ಕಷ್ಟಕ್ಕೆ ಇರಲಿ ಎಂದು ಹಾಳೆ ಸುತ್ತಿ ಇಡದೆ ದಿನಾ ಚಾಲೂ ಇಟ್ಟವಳು, ಪಂಪನ್ನು ಮಾತ್ರ ದೇವರ ಹಾಗೆ ಕೂಡಿಸಿಬಿಟ್ಟಿದ್ದೆ. ಪಕ್ಕದ ಮನೆಯ ಹೆಪ್ಪು ಯಾಕೆ ಎಂದೂ ಕೈಕೊಟ್ಟಿಲ್ಲ ಎಂಬುದೂ ಅಲ್ಲೇ ತಿಳಿಯಿತು. ಅವರು ಅದನ್ನು ನನಗಾಗಿ ಕಾದಿಟ್ಟಿಲ್ಲ; ದಿನಾ ತಿನ್ನುತ್ತಾರೆ, ದಿನಾ ಹೊಸದಾಗಿ ಹಾಕುತ್ತಾರೆ.

ಏಳನೆಯದೋ ಎಂಟನೆಯದೋ ತಟ್ಟಿಗೆ ಅದು ನಡುಗಿತು. ಗರ್ ಎಂದು, ನಿಂತು, ಆಮೇಲೆ ಗುಂಯ್ ಎಂದಿತು. ಇವರು ಮುಂದೆ ಓಡಿ ಫಿಲ್ಟರಿನ ತಿರುಪು ಸಡಿಲಿಸಿ ಗಾಳಿ ಬಿಟ್ಟರು. ನೊರೆ ನೊರೆ ಬಂದು, ಆಮೇಲೆ ಬರೀ ಡೀಸೆಲ್ ಬಂತು. ಗಾಡಿ ಚಾಲೂ ಆಯಿತು. ಹುಮನಾಬಾದಿನವರೆಗೂ ನಾವಿಬ್ಬರೂ ಆ ಗುಂಯ್ ಸದ್ದನ್ನೇ ಕೇಳುತ್ತ ಕೂತೆವು.

ಹಾಲಿನ ಕೇಂದ್ರದಲ್ಲಿ ಪರೀಕ್ಷೆ ಮಾಡುವವರು ಗೇಟು ಹಾಕಲು ಎದ್ದಿದ್ದರು. "ಏನಪಾ, ಇವತ್ತ್ ಎಮ್ಮಿಗೋಳು ತಡಾ ಎದ್ದಾವೇನು?"

"ಎಮ್ಮಿ ಅಲ್ರಿ, ಪಂಪ್ ತಡಾ ಎದ್ದದ."

ಒಂದೊಂದು ಕ್ಯಾನಿನಿಂದ ಒಂದಿಷ್ಟು ಹಾಲು ಗಾಜಿನ ನಳಿಗೆಯಲ್ಲಿ ಹಾಕಿ ಬೆಂಕಿಗೆ ಹಿಡಿದರು. ಒಡೆದರೆ ಅಲ್ಲೇ ಕಾಣುತ್ತದೆ. ಮೊದಲನೆಯದು ಒಡೆಯಲಿಲ್ಲ. ಎರಡನೆಯದು ಒಡೆಯಲಿಲ್ಲ. ಬಿಸಿಲಿನ ಕಡೆ ಇದ್ದ ಕೊನೆಯ ಕ್ಯಾನಿನದು ಹಿಡಿದಾಗ ಅವರು ನಳಿಗೆಯನ್ನು ಬೆಳಕಿಗೆ ಎತ್ತಿ, ತಿರುಗಿಸಿ, ಮೂಸಿ, ನಮ್ಮಿಬ್ಬರ ಮುಖವನ್ನೂ ಒಮ್ಮೆ ನೋಡಿ, ಮತ್ತೆ ಬೆಂಕಿಗೆ ಹಿಡಿದರು. "ನಡೀತದ. ಇನ್ ಅರ್ಧಾ ತಾಸ್ ಆಗಿದ್ರ ನಡೀತಿದ್ದಿಲ್ಲ" ಎಂದರು.

ಕುಬಸಕ್ಕೆ ತಡವಾಗಿಯೇ ಹೋದೆ. ಉಡಿ ತುಂಬಲು ಬಾಗಿದಾಗ ಬಸುರಿ ಮಗಳು ಮೂಗು ಮುಚ್ಚಿಕೊಂಡು, "ದೊಡ್ಡವ್ವಾ, ಡೀಸೆಲ್ ವಾಸನಿ ಬರಾಕತ್ತದ" ಎಂದಳು. ರೇಷ್ಮೆಯ ಮೇಲೆ ಬಿದ್ದ ಕಲೆ ಇನ್ನೂ ಹೋಗಿಲ್ಲ. ಅದರ ಚಿಂತೆಯೂ ಇಲ್ಲ; ಹನ್ನೊಂದು ವರ್ಷ ಮಡಿಸಿಟ್ಟಿದ್ದ ಆ ಸೀರೆ ಮಡಿಕೆಗಳಲ್ಲಿ ತಾನಾಗಿ ಬಿರಿಯತೊಡಗಿದ್ದನ್ನು ಅಂದೇ ನೋಡಿದೆ. ಮರುದಿನ ಮುಡಬಿಯಲ್ಲಿ ಇವರು ನಡೆದದ್ದನ್ನೆಲ್ಲ ಹೇಳಿದಾಗ ಗುಂಡಮ್ಮ, "ಹಾಲ್ ಹೊಳ್ಳಿ ಬಂದಿಲ್ಲಲ್ಲ? ಮತ್ಯಾಕ ಕಥಿ ಹೇಳ್ತಿ, ಕ್ಯಾನ್ ಏರ್ಸು" ಎಂದಳಂತೆ.

ಮುಂದಿನ ಸೋಮವಾರ ಮಿಸ್ತ್ರಿ ಏನೋ ಕೆಲಸಕ್ಕೆ ನಮ್ಮೂರಿಗೆ ಬಂದವರು ಮನೆಗೂ ಬಂದರು. ಸ್ವಿಚ್ಚು ಬಿಚ್ಚಿ, ಒಳಗೆ ಸೇರಿದ್ದ ವಿಭೂತಿಯನ್ನು ಊದಿ ತೆಗೆದರು. ನನ್ನ ಹಣೆಯನ್ನೊಮ್ಮೆ, ಸ್ವಿಚ್ಚನ್ನೊಮ್ಮೆ ನೋಡಿದರು. ಅಂಗಳದಲ್ಲಿ ಪಂಪು ಹತ್ತು ನಿಮಿಷ ಗುಂಯ್ ಎನ್ನುತ್ತಿರಲು ನಾನು ಒಳಗೆ ಹೋಗಿ, ಶೋಕೇಸಿನ ಬೀಗ ತೆಗೆದು, ನೀಲಿ ಹೂವಿನ ಕಪ್ಪು ತೊಳೆದು, ಅದರಲ್ಲಿ ಚಹಾ ತಂದುಕೊಟ್ಟೆ. ದೊಡ್ಡ ನೆಂಟರು ಎಂದರೆ ಇನ್ನು ಯಾರು ಬರಬೇಕು?

ಅವರು ಅರ್ಧ ಕುಡಿದು ಕಪ್ಪಿನೊಳಗೆ ಇಣುಕಿದರು. ತಳಕ್ಕೆ ಅಂಟಿದ್ದ ಅಂಗಡಿಯ ಚೀಟಿ ಬಿಸಿ ಚಹಾಕ್ಕೆ ಬಿಟ್ಟುಕೊಂಡು ಮೆಲ್ಲಗೆ ಮೇಲೆ ಬಂದಿತ್ತು. ಬೆರಳಿನಿಂದ ಅದನ್ನು ತೆಗೆದು ಬಸಿಯ ಅಂಚಿಗೆ ಅಂಟಿಸಿ, "ಭಾಭೀ, ಇದನ್ನೂ ಸೋಮವಾರ ಸೋಮವಾರ ಚಾಲೂ ಮಾಡ್ರಿ" ಎಂದರು.

ಸೋಮವಾರವೇನು, ಈಗ ನಾವಿಬ್ಬರೂ ದಿನಾ ಅದರಲ್ಲೇ ಕುಡಿಯುತ್ತೇವೆ. ಆರರಲ್ಲಿ ಒಂದು ಆಗಲೇ ಒಡೆದಿದೆ. ಉಳಿದ ಐದೂ ಚಾಲೂ ಇವೆ.