ಅಪ್ಪನ ಮಕರಗಳು

ಅಪ್ಪ ಹಳೇಬೀಡಿನ ದೇವಸ್ಥಾನದಲ್ಲಿ ಗೈಡ್ ಆಗಿದ್ದರು. ಗೋಡೆಯ ಮೇಲಿನ ಮಕರವನ್ನು ಪ್ರವಾಸಿಗರಿಗೆ ಬಿಡಿಬಿಡಿಯಾಗಿ ತೋರಿಸುತ್ತಿದ್ದರು: ಸೊಂಡಿಲು ಆನೆಯದು, ಕಾಲು ಸಿಂಹದ್ದು, ಬಾಲ ನವಿಲಿನದು.

ಪ್ರವಾಸಿಗರಿಲ್ಲದ ಮಧ್ಯಾಹ್ನ ನಾವಿಬ್ಬರೂ ಮೊಬೈಲಿನಲ್ಲಿ ಹಳೇ ಕಪ್ಪುಬಿಳುಪು ರಾಕ್ಷಸರ ಸಿನಿಮಾ ನೋಡಿ ನಗುತ್ತಿದ್ದೆವು. ನೀರಿನಿಂದ ರಬ್ಬರಿನ ಪ್ರಾಣಿ ಎದ್ದರೆ ಸಾಕು, ಅಪ್ಪ ಶುರು ಮಾಡುತ್ತಿದ್ದರು.

“ಬಾಯಿ ಮೊಸಳೇದು, ಕಿವಿ ಹಂದೀದು. ಇದೂ ಮಕರಾನೇ ಕಣೇ!”

“ಸುಮ್ನಿರಪ್ಪ, ನೆಟ್ಟಗೆ ಹೆದರೋಕೂ ಬಿಡಲ್ಲ” ಎಂದು ರೇಗುತ್ತಿದ್ದೆ.

ಈಗ ಅಪ್ಪನಿಗೆ ಮರೆವಿನ ಕಾಯಿಲೆ. ಮೊನ್ನೆ ಅಂಥದೇ ಸಿನಿಮಾ ಹಾಕಿ ಪಕ್ಕದಲ್ಲಿ ಕೂತೆ. ಅವರು ಅದನ್ನು ನೋಡಲೇ ಇಲ್ಲ. ನನ್ನ ಮುಖವನ್ನೇ ನಿಧಾನವಾಗಿ ನೋಡಿದರು.

“ಮೂಗು ನಮ್ಮವ್ವಂದು. ಕಣ್ಣು ನನ್ನ ಹೆಂಡ್ತೀದು.”

ನಾನು ಸಿನಿಮಾ ನಿಲ್ಲಿಸಿ ಅವರತ್ತ ತಿರುಗಿದೆ.

“ನೀವು ಯಾವೂರಿಂದ ಬಂದಿದ್ದೀರಮ್ಮ?” ಎಂದರು.