ಆರನೇ ತರಗತಿಗೆ ಬಂದ ಹೊಸ ಟೀಚರ್

ಕುವೈತಿನಲ್ಲಿ ನಮ್ಮ ದೇಶದಿಂದ ದುಡಿಯಲು ಬಂದವರೇ ತುಂಬಿರುವ ಅಬ್ಬಾಸಿಯಾದ ನಮ್ಮ ಬೀದಿಯ ತುದಿಯಿಂದ ಶಾಲೆಯ ಬಸ್ಸು ಬೆಳಕು ಹರಿಯುವ ಹೊತ್ತಿಗೆ ಹೊರಡುತ್ತದೆ. ಮಂಗಳೂರಿನಲ್ಲಿ ಹೈಸ್ಕೂಲ್ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತಿದ್ದವಳು ನಾನು. ಮದುವೆಯಾದ ಮೇಲೆ ಗಂಡನ ಜೊತೆ ಕುವೈತಿಗೆ ಬಂದೆ. ಅವರಿಗೆ ಅಹ್ಮದಿಯಲ್ಲಿ ಟೆಕ್ನೀಶಿಯನ್ ಕೆಲಸ, ನನಗೆ ಒಂದು ಖಾಸಗಿ ಶಾಲೆಯಲ್ಲಿ ಮತ್ತೆ ಅದೇ ಇಂಗ್ಲಿಷ್. ಮಕ್ಕಳು ಹೆಚ್ಚಿನವರು ಕುವೈತಿಗಳು, ಉಳಿದವರು ಈಜಿಪ್ಟ್, ಸಿರಿಯಾ ಕಡೆಯವರು. ಆರನೇ ತರಗತಿಯ ಹುಡುಗಿಯರಿಗೆ ಇಂಗ್ಲಿಷ್ ಟೀಚರ್ ಅಂದರೆ ನಾನೇ ಅನ್ನುವಷ್ಟು ವರ್ಷ ಅಲ್ಲಿ ಕಳೆದಿದ್ದೆ.

ಆಮೇಲೆ ಒಂದು ಸೆಪ್ಟೆಂಬರಿನಲ್ಲಿ ನಮ್ಮ ಸೂಪರ್‌ವೈಸರ್, ಈಜಿಪ್ಟಿನ ಹೆಂಗಸು, ನನ್ನನ್ನು ಕರೆದು ಇನ್ನು ಆರನೇ ತರಗತಿ ನನಗಿಲ್ಲ ಎಂದರು. ಇಂಗ್ಲೆಂಡಿನಿಂದ ಒಬ್ಬಳು ಟೀಚರ್ ಬರುತ್ತಿದ್ದಾಳೆ, ಪೋಷಕರಿಗೆ ‘ನೇಟಿವ್’, ಅಂದರೆ ಇಂಗ್ಲಿಷೇ ಮಾತೃಭಾಷೆಯಾದವರು, ಬೇಕಂತೆ, ನಾನು ಮೂರನೇ ತರಗತಿಯವರಿಗೆ ಪಾಠ ಮಾಡಬೇಕಂತೆ. ನಾನು ಏನೋ ಹೇಳಲು ಹೊರಟೆ. ಅವರು ನನ್ನ ಕೈಮೇಲೆ ಕೈಯಿಟ್ಟು, “ಖಲಾಸ್, ಹಬೀಬ್ತಿ” ಎಂದರು, ಮುಗಿಯಿತು ಬಿಡು ನನ್ನ ಮುದ್ದೇ ಎನ್ನುವಂತೆ. ಆ ದನಿಯಲ್ಲಿ ಪ್ರೀತಿಯೇ ಇತ್ತು. ಅದಕ್ಕೇ ಎದುರಾಡಲು ಆಗಲಿಲ್ಲ.

ಹೊಸಬಳು ಬಂದಳು. ನನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವಳು, ಉದ್ದ ಕಾಲಿನವಳು, ಮೂಗಿನ ಮೇಲೆ ಬಿಸಿಲಿನ ಕೆಂಪು. ಸಮುದ್ರ ಕಾಣುವ ಫ್ಲ್ಯಾಟನ್ನು ಶಾಲೆಯೇ ಕೊಟ್ಟಿತ್ತು. ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕದ ಮೇಜೇ ಅವಳಿಗೆ ಸಿಕ್ಕಿತು. ಇಲ್ಲಿಗೆ ಬರುವ ಮೊದಲು ಅವಳು ಚೀನಾದ ಒಂದು ಊರಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಳಂತೆ. ಬಿಡುವಿನಲ್ಲಿ ಎಲ್ಲರೂ ಅವಳ ಸುತ್ತ ಕುರ್ಚಿ ಎಳೆದುಕೊಳ್ಳುತ್ತಿದ್ದರು. ಅಲ್ಲಿ ಊಟವಾದ ಮೇಲೆ ಇಡೀ ಶಾಲೆ ಡೆಸ್ಕಿನ ಮೇಲೆ ತಲೆಯಿಟ್ಟು ನಿದ್ದೆ ಮಾಡುತ್ತದಂತೆ. ಮಕ್ಕಳು ತಮಗೆ ತಾವೇ ಇಂಗ್ಲಿಷ್ ಹೆಸರು ಆರಿಸಿಕೊಳ್ಳುತ್ತಾರಂತೆ, ಒಬ್ಬ ಹುಡುಗ ತನ್ನ ಹೆಸರು ‘ಸೂಪ್’ ಎಂದು ಹಟ ಹಿಡಿದಿದ್ದನಂತೆ. ಚಳಿಯಿರಲಿ ಸೆಕೆಯಿರಲಿ ಎಲ್ಲರೂ ಬಿಸಿನೀರೇ ಕುಡಿಯುತ್ತಾರಂತೆ. ಆ ಅಭ್ಯಾಸ ಅವಳಿಗೂ ಹತ್ತಿಕೊಂಡು, ಕುವೈತಿನ ಆ ಬಿಸಿಲಿನಲ್ಲೂ ಫ್ಲಾಸ್ಕ್ ಹಿಡಿದು ಓಡಾಡುತ್ತಿದ್ದಳು. ಅದನ್ನು ನೋಡಿ ಎಲ್ಲರಿಗೂ ಖುಷಿ. ನಾನು ಸೇರಿದ ದಿನದಿಂದ ಮನೆಯಿಂದ ಜೀರಿಗೆ ನೀರು ಬಿಸಿಬಿಸಿ ತರುತ್ತಿದ್ದೇನೆ. ಗಂಟಲು ನೋವಾ ಎಂದು ಕೇಳಿದವರಷ್ಟೇ ಇದ್ದರು.

ನನಗೆ ಹೊಟ್ಟೆಕಿಚ್ಚು. ಬೇರೆ ಹೆಸರು ಕೊಟ್ಟು ಪ್ರಯೋಜನವಿಲ್ಲ. ನಾನೂ ಪರದೇಶದಲ್ಲಿ ಇಂಗ್ಲಿಷ್ ಕಲಿಸುವವಳೇ. ಆದರೆ ನನ್ನ ಮಂಗಳೂರಿನ ಮಕ್ಕಳ ಬಗ್ಗೆಯಾಗಲಿ, ನಾನು ಇಲ್ಲಿಗೆ ಬಂದ ಮೊದಲ ವರ್ಷದ ಬಗ್ಗೆಯಾಗಲಿ ಯಾರೂ ಕೇಳಿರಲಿಲ್ಲ. ಅವಳ ಕ್ಲಾಸಿನಿಂದ ನಗು ಕೇಳಿದಾಗೆಲ್ಲ ನಾನು ಮೂರನೆಯವರ ಬಾಗಿಲು ಮುಚ್ಚುತ್ತಿದ್ದೆ. ಅವಳು ರಜೆ ಹಾಕಿದ ದಿನ ಬಸ್ಸಿನಲ್ಲೇ ನನ್ನ ಮನಸ್ಸು ಹಗುರಾಗುತ್ತಿತ್ತು.

ಪೋಷಕರ ಸಭೆಯ ದಿನ ಒಬ್ಬ ತಾಯಿ ಬಂದರು. ಅವರ ದೊಡ್ಡ ಮಗಳು ಆರನೇ ತರಗತಿಗೆ ಬಂದರೂ ಇಂಗ್ಲಿಷ್ ಓದಲು ತಡವರಿಸುತ್ತಿದ್ದಳು. ಒಂದು ವರ್ಷ ಪೂರ್ತಿ ಊಟದ ಬಿಡುವಿನಲ್ಲಿ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿದ್ದೆ. ಈಗ ಚಿಕ್ಕವಳು ಆರನೆಯಲ್ಲಿದ್ದಳು. ತಾಯಿ ನನ್ನ ಗುರುತು ಹಿಡಿದು ಎರಡೂ ಕೆನ್ನೆಗೆ ಮುತ್ತು ಕೊಟ್ಟು, ಮನೆಯವರನ್ನೆಲ್ಲ ವಿಚಾರಿಸಿದರು. ಆಮೇಲೆ ಕೇಳಿದರು: “ಇಂಗ್ಲಿಷ್ ಟೀಚರ್ ಎಲ್ಲಿದ್ದಾರೆ? ಸ್ವಲ್ಪ ಕರೀತೀರಾ?”

ನಾನು ಹೋಗಿ ಕರೆದುಕೊಂಡು ಬಂದೆ.

ಆ ವಾರವೇ ನಾನು ಚೀನಾದ ಒಂದು ಶಾಲೆಗೆ ಅರ್ಜಿ ಹಾಕಿದೆ. ಅಲ್ಲಿಗೆ ಹೋಗುವ ಆಸೆ ಇತ್ತೋ ಇಲ್ಲವೋ ನನಗೇ ಗೊತ್ತಿರಲಿಲ್ಲ. ಅವಳಿಗೆ ಸಿಕ್ಕಿದ್ದು ನನಗೂ ಸಿಗುತ್ತದೆಯೇ ಎಂದು ನೋಡಬೇಕಿತ್ತು. ಶುಕ್ರವಾರ ಮಧ್ಯಾಹ್ನ ವಿಡಿಯೋದಲ್ಲಿ ಸಂದರ್ಶನ. ಗಂಡನನ್ನು ಅಡುಗೆಮನೆಗೆ ಕಳಿಸಿ, ಇಸ್ತ್ರಿ ಮಾಡಿದ ಸೀರೆ ಉಟ್ಟು ಕುಳಿತೆ. ಆ ಕಡೆ ಇದ್ದವನು ಸಣ್ಣ ಪಾಠವೊಂದನ್ನು ಮಾಡಿಸಿದ, ತಲೆದೂಗಿದ, ಚೆನ್ನಾಗಿದೆ ಎಂದ. ನಂತರ ಯಾವ ದೇಶದ ಪಾಸ್‌ಪೋರ್ಟ್ ಎಂದು ಕೇಳಿದ. ಹೇಳಿದೆ. ಅವನು ತುಂಬಾ ಮರ್ಯಾದೆಯಿಂದ, ತಮಗೆ ಬೇಕಾಗಿರುವುದು ಹುಟ್ಟಿನಿಂದ ಇಂಗ್ಲಿಷ್ ಮಾತಾಡುವ ದೇಶದವರು, ಅರ್ಜಿಯಲ್ಲಿ ಗಮನಿಸಿರಲಿಲ್ಲ, ಕ್ಷಮಿಸಬೇಕು ಎಂದ.

ಗಂಡ ಚಹಾ ತಂದಿಟ್ಟು, “ನೀನು ನಿಜಕ್ಕೂ ಹೋಗ್ಲಿಕ್ಕೇ ಇದ್ದದ್ದಾ?” ಎಂದು ಕೇಳಿದರು.

“ಗೊತ್ತಿಲ್ಲ,” ಎಂದೆ. “ಬೇಡ ಅಂತ ನಾನು ಹೇಳ್ಬೇಕಿತ್ತು. ಅವರು ಹೇಳಿದ್ರು.”

ಫೆಬ್ರವರಿಯಲ್ಲಿ ಶಾಲೆಯ ಆಟೋಟದ ದಿನ ನಮ್ಮಿಬ್ಬರನ್ನೂ ಮೈದಾನದ ಪೆಂಡಾಲಿನಲ್ಲಿ ನೀರಿನ ಬಾಟಲಿ ಹಂಚಲು ಕೂರಿಸಿದ್ದರು. ಧೂಳಿಗೆ ಕಣ್ಣು ಬಿಡಲಾಗುತ್ತಿರಲಿಲ್ಲ. ಮಕ್ಕಳೆಲ್ಲ ಆಚೆ ಹೋದ ಒಂದು ಹೊತ್ತಿನಲ್ಲಿ ಅವಳು, ನಾನು ಕೇಳದೆಯೇ, ಚೀನಾದ ಮಾತು ತೆಗೆದಳು. ಈ ಸಲ ತಮಾಷೆಯದಲ್ಲ. ಅಲ್ಲಿ ಶಾಲೆಯ ಗೇಟಿನ ಮೇಲೆ ಅವಳ ದೊಡ್ಡ ಫೋಟೋ ಹಾಕಿದ್ದರಂತೆ. ಅವಳ ಕೆಲಸ ಆಟ, ಹಾಡು. ವ್ಯಾಕರಣ, ಪರೀಕ್ಷೆ, ಅಳುವ ಮಕ್ಕಳು, ಎಲ್ಲ ಪಕ್ಕದ ಮೇಜಿನ ಚೀನೀ ಇಂಗ್ಲಿಷ್ ಟೀಚರ ಪಾಲು.

“ಅವಳು ನನ್ನ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಆಡಲೇ ಇಲ್ಲ,” ಎಂದಳು. “ಯಾಕೆ ಅಂತ ಆಗ ನನಗೆ ಗೊತ್ತಾಗಲಿಲ್ಲ. ಇಲ್ಲಿ ನಿಮ್ಮ ಪಕ್ಕ ಕೂತ ಮೇಲೆ ಗೊತ್ತಾಯಿತು.”

ಸಿಕ್ಕಿಬಿದ್ದವಳ ಹಾಗೆ ಬಾಟಲಿಗಳನ್ನು ಸಾಲಾಗಿ ಜೋಡಿಸುತ್ತ, ಆ ಟೀಚರ್ ಹೇಗಿದ್ದಳು ಎಂದು ಕೇಳಿದೆ. ಗಿಡ್ಡ ಕೂದಲಿನವಳು, ತರಗತಿಗೆ ಹೋಗುವ ಮೊದಲು ಬಾಗಿಲ ಹೊರಗೆ ನಿಂತು ಪಾಠದ ಮೊದಲ ಸಾಲನ್ನು ಪಿಸುಗುಟ್ಟಿಕೊಳ್ಳುತ್ತಿದ್ದಳು ಎಂದಳು. ನಾನೂ ಹಾಗೆ ಮಾಡುತ್ತೇನೆ. ಅದನ್ನು ಅವಳಿಗೆ ಹೇಳಲಿಲ್ಲ. ಸಂದರ್ಶನದ ವಿಷಯವನ್ನೂ ಹೇಳಲಿಲ್ಲ. ಎಲ್ಲೋ ದೂರದ ಆ ಊರಿನಲ್ಲಿ, ನನ್ನ ಹಾಗೆಯೇ ಇವಳ ನಗುವಿಗೆ ಬಾಗಿಲು ಮುಚ್ಚಿಕೊಂಡ ಒಬ್ಬಳಿದ್ದಳು ಎಂದು ಯೋಚಿಸುತ್ತ ಕುಳಿತೆ. ಜೊತೆ ಸಿಕ್ಕಿದ ಹಾಗಾಯಿತು.

ಅಲ್ಲಿಂದ ನಾವು ಸ್ವಲ್ಪ ಮಾತಾಡತೊಡಗಿದೆವು. ಹೊಟ್ಟೆಕಿಚ್ಚು ಹೋಯಿತೇ ಎಂದರೆ ಇಲ್ಲ. ಜೂನ್ ಬರುವ ಹೊತ್ತಿಗೆ ಇಲ್ಲಿ ಬೇಸರವಾಯಿತು, ಸ್ಪೇನಿಗೆ ಹೋಗುತ್ತೇನೆ ಎಂದು ಅವಳು ನಗುತ್ತ ಹೇಳಿದಾಗ ಅದು ಇನ್ನೂ ಹೆಚ್ಚಾಯಿತು. ಬೇಸರವಾಯಿತೆಂದು ದೇಶ ಬಿಡುವುದು ನಮ್ಮ ಅಬ್ಬಾಸಿಯಾದಲ್ಲಿ ಯಾರಿಗೆ ಸಾಧ್ಯ?

ಮುಂದಿನ ಸೆಪ್ಟೆಂಬರಿನಲ್ಲಿ ಸೂಪರ್‌ವೈಸರ್ ಮತ್ತೆ ಕರೆದರು. ಇನ್ನೊಬ್ಬ ನೇಟಿವ್ ಬರುತ್ತಾನೆ, ವೀಸಾ ತಡವಾಗಿದೆ, ಅಲ್ಲಿಯವರೆಗೆ ಆರನೇ ತರಗತಿಯನ್ನು ನಾನು ನೋಡಿಕೊಳ್ಳಬೇಕಂತೆ. ಸರಿ ಎಂದೆ. ಆ ವೀಸಾ ಇನ್ನಷ್ಟು ತಡವಾಗಲಿ ಎಂದು ಮೆಟ್ಟಿಲು ಹತ್ತುವಾಗ ದೇವರನ್ನು ಕೇಳಿಕೊಂಡೆ.

ಹುಡುಗಿಯರು ಎದ್ದು ನಿಂತರು. ಹಿಂದಿನ ಬೆಂಚಿನವಳೊಬ್ಬಳು, ನಮ್ಮ ಇಂಗ್ಲಿಷ್ ಟೀಚರ್ ಯಾವಾಗ ಬರುತ್ತಾರೆ ಎಂದು ಕೇಳಿದಳು.

“ಬಂದಾಯಿತು,” ಎಂದೆ. “ಪುಸ್ತಕ ತೆಗೆಯಿರಿ.”